ಹದಿನಾಲ್ಕರ ಮಗಳ ತೂಕ ಏರುತ್ತಿದೆ, ಡಯಟ್ ಮಾಡಿಸಬೇಕೇ?

ಪ್ರಶ್ನೆ: ಮಗಳಿಗೆ ಈಗಷ್ಟೇ 14 ತುಂಬಿದೆ. ಒಂದೂವರೆ ವರ್ಷದ ಹಿಂದೆ 149 ಸೆಂ.ಮೀ. ಎತ್ತರ, 47 ಕೆಜಿ ತೂಕ ಇದ್ದಳು. ಈಗ 156 ಸೆಂ.ಮೀ., 58 ಕೆಜಿ. ತಾನೇ ಮೊಬೈಲ್‌ನಲ್ಲಿ ಕ್ಯಾಲೊರಿ ಆ್ಯಪ್ ಹಾಕಿಕೊಂಡು ಬೆಳಗಿನ ತಿಂಡಿ ಬಿಟ್ಟಿದ್ದಾಳೆ, ಮಧ್ಯಾಹ್ನದ ಡಬ್ಬಿ ಅರ್ಧ ಹಾಗೇ ವಾಪಸ್ ಬರುತ್ತದೆ. ಆದರೂ ತೂಕ ಇಳಿದಿಲ್ಲ. ಎಲ್ಲರೂ ಮಲಗಿದ ಮೇಲೆ ಎದ್ದು ತಿನ್ನುತ್ತಾಳೆ ಎಂದು ಗುಮಾನಿಯಿತ್ತು, ಮೊನ್ನೆ ಅವಳ ಬೀರುವಿನಲ್ಲಿ ಬಿಸ್ಕತ್ತಿನ ಖಾಲಿ ಪೊಟ್ಟಣಗಳು ಸಿಕ್ಕವು. 16 ವರ್ಷದ ಅಣ್ಣ ಸದಾ ರೇಗಿಸುತ್ತಾನೆ. ಒಂದು ಸರಿಯಾದ ಡಯಟ್ ಚಾರ್ಟ್ ಹಾಕಿಸಿ ವಾರಕ್ಕೊಮ್ಮೆ ತೂಕ ನೋಡಲೇ? ಅಥವಾ ಏನೂ ಮಾತಾಡದೆ ಇದ್ದುಬಿಡಲೇ? ಸಂಶೋಧನೆಗಳು ಏನು ಹೇಳುತ್ತವೆ?

ಉತ್ತರ: ಚಾರ್ಟ್ ಬೇಡ, ವಾರದ ತೂಕವೂ ಬೇಡ. ಹಾಗೆಂದು ಕೈಕಟ್ಟಿ ಕೂರುವ ಸ್ಥಿತಿಯೂ ಇದಲ್ಲ. ನಿಮ್ಮ ಪತ್ರದಲ್ಲಿ ಗಂಭೀರವಾಗಿ ತೆಗೆದುಕೊಳ್ಳಬೇಕಾದ್ದು 58 ಕೆಜಿ ಅಲ್ಲ. ಬಿಟ್ಟ ತಿಂಡಿ, ಅರ್ಧ ಉಳಿದ ಡಬ್ಬಿ, ಬೀರುವಿನ ಪೊಟ್ಟಣ ಈ ಮೂರನ್ನು ಒಟ್ಟಿಗೆ ಇಟ್ಟು ನೋಡಬೇಕು. ಅವು ಮೂರು ಬೇರೆ ಬೇರೆ ತೊಂದರೆಗಳಲ್ಲ.

ಮೊದಲು ತೂಕದ ಲೆಕ್ಕ ಮುಗಿಸಿಬಿಡೋಣ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ: 58 ÷ 1.56 ÷ 1.56 = 23.8. ದೊಡ್ಡವರಿಗೆ ಹೇಳುವ 25ರ ಗೆರೆ ಇಲ್ಲಿ ಲಾಗೂ ಆಗುವುದಿಲ್ಲ. 5ರಿಂದ 19 ವರ್ಷದವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ವಯಸ್ಸುವಾರು ಪಟ್ಟಿಯೇ ಬೇರೆ ಇದೆ. ಅದರಲ್ಲಿ 14 ತುಂಬಿದ ಹುಡುಗಿಗೆ ನಡುವಿನ ಅಂಕ 19.6. +1 ಎಸ್‌ಡಿ (ನಡುವಿನ ಅಂಕದಿಂದ ಎಷ್ಟು ದೂರ ಎಂದು ಅಳೆಯುವ ‘ಸ್ಟ್ಯಾಂಡರ್ಡ್ ಡೀವಿಯೇಷನ್’) ಎಂಬ ಗೆರೆ 22.7ಕ್ಕೆ ಬರುತ್ತದೆ, ಅದನ್ನು ದಾಟಿದರೆ ಅಧಿಕ ತೂಕ. +2 ಎಸ್‌ಡಿ 27.3ಕ್ಕೆ ಬರುತ್ತದೆ, ಅದರಾಚೆಗೆ ಬೊಜ್ಜು. ನಿಮ್ಮ ಮಗಳು ಅಧಿಕ ತೂಕದ ವಲಯದ ಕೆಳತುದಿಯಲ್ಲಿದ್ದಾಳೆ.

ಆದರೆ ಒಂದು ದಿನದ ಅಂಕಕ್ಕಿಂತ ಮಗು ಬೆಳೆದುಬಂದ ಹಾದಿ ಮುಖ್ಯ. ಹನ್ನೆರಡೂವರೆಯಲ್ಲಿ ಅವಳ ಬಿಎಂಐ 21.2 ಇತ್ತು. ಆ ವಯಸ್ಸಿಗೆ +1 ಎಸ್‌ಡಿ ಗೆರೆ 21.3. ಅಂದರೆ ಆಗಲೂ ಗೆರೆಯ ಅಂಚಿನಲ್ಲೇ ಇದ್ದಳು. ಅದೇ ಹಾದಿಯಲ್ಲಿ ಬೆಳೆದು 156 ಸೆಂ.ಮೀ. ಆಗಿದ್ದರೆ ಈಗ ಸುಮಾರು 55 ಕೆಜಿ ತೂಗಬೇಕಿತ್ತು. ನಿಮ್ಮನ್ನು ಗಾಬರಿಪಡಿಸಿರುವ ಆ 11 ಕೆಜಿಯಲ್ಲಿ ಸುಮಾರು 8 ಕೆಜಿ ಬೆಳವಣಿಗೆಯ ಪಾಲು. ಮಿಕ್ಕಿದ್ದು ಮೂರು ಕೆಜಿ ಮಾತ್ರ. ಎತ್ತರ ಅಳೆಯುವಾಗ ಒಂದು ಸೆಂಟಿಮೀಟರ್ ತಪ್ಪಿದರೂ ಬಿಎಂಐ 0.3ರಷ್ಟು ಏರುಪೇರಾಗುತ್ತದೆ. ಹಾಗಾಗಿ ಚಪ್ಪಲಿ ತೆಗೆಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಅಳೆದ ಎತ್ತರವೇ ಇದು ಎಂದು ಖಚಿತಪಡಿಸಿಕೊಳ್ಳಿ. ದೊಡ್ಡವರಾದಾಗ ಇರುವ ತೂಕದ ಹತ್ತಿರ ಹತ್ತಿರ ಅರ್ಧದಷ್ಟು ಹದಿಹರೆಯದಲ್ಲೇ ಸೇರುವುದು. ಹುಡುಗಿಯರಲ್ಲಿ ಅದರ ಒಂದು ಪಾಲು ಕೊಬ್ಬಾಗಿ ಸೊಂಟ, ತೊಡೆಯ ಸುತ್ತ ಕೂರುತ್ತದೆ. ಅದು ಪ್ರೌಢತೆಯ ಭಾಗವೇ ಹೊರತು ಹೆಚ್ಚು ತಿಂದದ್ದರ ಫಲವಲ್ಲ.

ಥೈರಾಯ್ಡ್ ಇರಬಹುದೇ ಎಂಬ ಪ್ರಶ್ನೆ ಇಂಥ ಕಡೆ ಬಂದೇ ಬರುತ್ತದೆ. ಥೈರಾಯ್ಡ್ ಅಥವಾ ಬೇರೆ ಹಾರ್ಮೋನಿನ ತೊಂದರೆಯಿಂದ ಮಗು ದಪ್ಪಗಾದರೆ ಸಾಮಾನ್ಯವಾಗಿ ಎತ್ತರ ಬೆಳೆಯುವುದು ಕುಂಠಿತವಾಗುತ್ತದೆ. ಒಂದೂವರೆ ವರ್ಷದಲ್ಲಿ 7 ಸೆಂ.ಮೀ. ಬೆಳೆದವಳಲ್ಲಿ ಆ ಸಾಧ್ಯತೆ ಕಡಿಮೆ.

ಇನ್ನು ಸಂಶೋಧನೆ. ಈ ವಿಷಯದಲ್ಲಿ ಅತಿ ದೀರ್ಘಕಾಲ ನಡೆದ ಅಧ್ಯಯನಗಳಲ್ಲೊಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ‘ಪ್ರಾಜೆಕ್ಟ್ ಈಟ್’. ಡಯಾನ್ ನ್ಯೂಮಾರ್ಕ್-ಸ್ಟೈನರ್ ಅವರ ತಂಡ 1998–99ರಲ್ಲಿ 31 ಶಾಲೆಗಳ 4,746 ವಿದ್ಯಾರ್ಥಿಗಳನ್ನು ಪ್ರಶ್ನಿಸಿ, ಅವರಲ್ಲಿ ಸಿಕ್ಕಷ್ಟು ಜನರನ್ನು 2003–04, 2008–09, 2015–16ರಲ್ಲಿ ಮತ್ತೆ ಮಾತಾಡಿಸಿತು. ಹೆಸರು, ಎತ್ತರ, ತೂಕ ಬರೆದುಕೊಂಡು ಬಿಡಲಿಲ್ಲ. ಊಟ ಬಿಡುತ್ತೀಯಾ, ಉಪವಾಸ ಮಾಡುತ್ತೀಯಾ, ಮನೆಯವರ ಜೊತೆ ಎಷ್ಟು ಸಲ ಉಣ್ಣುತ್ತೀಯಾ, ಮೈಬಗ್ಗೆ ಯಾರು ಏನನ್ನುತ್ತಾರೆ, ನಿನ್ನ ದೇಹ ನಿನಗೆ ಹಿಡಿಸುತ್ತದೆಯೇ ಎಂಬುದೆಲ್ಲ ಪ್ರಶ್ನೆಗಳಲ್ಲಿತ್ತು.

2006ರಲ್ಲಿ ಪ್ರಕಟವಾದ ಫಲಿತಾಂಶ ನಿಮ್ಮ ಪ್ರಶ್ನೆಗೆ ನೇರ ಸಂಬಂಧಿಸಿದ್ದು. ಮೊದಲ ಸುತ್ತಿನಲ್ಲಿ ಡಯಟ್ ಮಾಡುತ್ತಿದ್ದೇವೆ ಎಂದಿದ್ದವರು ಐದು ವರ್ಷದ ನಂತರ ಅಧಿಕ ತೂಕದವರಾಗಿರುವ ಸಾಧ್ಯತೆ ಡಯಟ್ ಮಾಡದವರಿಗೆ ಹೋಲಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟಿತ್ತು. ಹಿಡಿತ ತಪ್ಪಿ ಒಮ್ಮೆಲೇ ಮುಕ್ಕುವುದು, ವಾಂತಿ ಮಾಡಿಕೊಳ್ಳುವುದು, ಭೇದಿಮಾತ್ರೆ ನುಂಗುವುದು ಇವೂ ಅವರಲ್ಲೇ ಹೆಚ್ಚು.

ಇಲ್ಲಿ ಯಾರಿಗಾದರೂ ಬರಬೇಕಾದ ಅನುಮಾನವೊಂದಿದೆ: ದಪ್ಪಗಾಗುವ ಮೈಕಟ್ಟಿನವರೇ ತಾನೇ ಡಯಟ್‌ಗೆ ಇಳಿಯುವುದು? ಹಾಗಿದ್ದ ಮೇಲೆ ತಪ್ಪನ್ನು ಡಯಟ್ ತಲೆಗೆ ಕಟ್ಟುವುದು ಸರಿಯೇ? ಸಂಶೋಧಕರು ಮೊದಲ ಸುತ್ತಿನ ತೂಕವನ್ನು ಲೆಕ್ಕಕ್ಕೆ ಹಿಡಿದು ಹೋಲಿಸಿದ್ದಾರೆ. ಒಂದೇ ತೂಕದ ಇಬ್ಬರಲ್ಲಿ ಡಯಟ್ ಮಾಡಿದವಳೇ ಮುಂದೆ ಹೆಚ್ಚು ದಪ್ಪಗಾದಳು ಎಂಬುದು ಅದರ ತಾತ್ಪರ್ಯ. ಆದರೂ ಹುಟ್ಟಿನಿಂದ ಬಂದ ಪ್ರವೃತ್ತಿಯೆಲ್ಲ ಇವತ್ತಿನ ತೂಕದಲ್ಲೇ ಕಾಣಬೇಕೆಂದಿಲ್ಲ. ಮೇಲಾಗಿ ಇದು ವೀಕ್ಷಣಾ ಅಧ್ಯಯನ, ಪ್ರಯೋಗವಲ್ಲ. ಹಲವು ಮಾಹಿತಿ ಮಕ್ಕಳೇ ಹೇಳಿಕೊಂಡದ್ದು. ಹಾಗಾಗಿ ‘ಡಯಟ್ ಮಾಡಿದ್ದಕ್ಕೇ ದಪ್ಪಗಾದರು’ ಎಂದು ಷರಾ ಬರೆಯಲು ಬರುವುದಿಲ್ಲ. ತಮ್ಮಷ್ಟಕ್ಕೆ ಡಯಟ್ ಮಾಡಿದ ಮಕ್ಕಳಿಗೆ ಅದರಿಂದ ತೂಕದಲ್ಲಿ ಲಾಭವಾದ ಸುಳಿವಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು. 9ರಿಂದ 14 ವರ್ಷದ ಸಾವಿರಾರು ಮಕ್ಕಳನ್ನು ಗಮನಿಸಿದ ಅಮೆರಿಕದ ಇನ್ನೊಂದು ಅಧ್ಯಯನ (2003) ಕೂಡ ಅದನ್ನೇ ಕಂಡಿತು.

ಆಹಾರ ಸೇವನೆಯ ಕಾಯಿಲೆಗಳ (ಹಸಿದು ಸೊರಗುವುದು, ಮುಕ್ಕಿ ವಾಂತಿ ಮಾಡಿಕೊಳ್ಳುವುದು ಇಂಥವು) ವಿಷಯಕ್ಕೆ ಬಂದರೆ ಸಾಕ್ಷ್ಯ ಇನ್ನೂ ಗಟ್ಟಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 14–15ರ ವಿದ್ಯಾರ್ಥಿಗಳನ್ನು ಮೂರು ವರ್ಷ ಹಿಂಬಾಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಟ್ಟುನಿಟ್ಟಿನ ಡಯಟ್ ಮಾಡುತ್ತಿದ್ದ ಹುಡುಗಿಯರಲ್ಲಿ ಆರು ತಿಂಗಳೊಳಗೆ ಇಂಥ ಕಾಯಿಲೆ ಶುರುವಾಗುವ ಸಾಧ್ಯತೆ ಡಯಟ್ ಮಾಡದವರಿಗಿಂತ 18 ಪಟ್ಟು. ಸಾಧಾರಣ ಡಯಟ್‌ನವರಲ್ಲಿ 5 ಪಟ್ಟು.

ಹೀಗಾಗುವುದೇಕೆ? ನಿಮ್ಮ ಮಗಳ ದಿನವನ್ನೇ ಗಂಟೆಗಂಟೆಗೆ ನೋಡಿ. ರಾತ್ರಿಯ ನಂತರ ಮಧ್ಯಾಹ್ನದವರೆಗೆ ಹೊಟ್ಟೆಗೆ ಏನೂ ಬಿದ್ದಿಲ್ಲ, ಮಧ್ಯಾಹ್ನ ಅರ್ಧ ಡಬ್ಬಿ. ಮೈ ಬೆಳೆಯುವ ವಯಸ್ಸು. ಸಂಜೆಯ ಹೊತ್ತಿಗೆ ಹಸಿವು ತಲೆಗೇರಿರುತ್ತದೆ, ಎಲ್ಲರೆದುರು ಹೆಚ್ಚು ಬಡಿಸಿಕೊಳ್ಳಲು ನಾಚಿಕೆ. ಮನೆ ಮಲಗಿದ ಮೇಲೆ ಕೈಗೆ ಬೇಗ ಸಿಗುವುದು ಸಿಹಿ, ಕುರುಕಲು. ಒಂದು ತಿಂದು ನಿಲ್ಲಿಸಲಾಗುವುದಿಲ್ಲ. ಬೆಳಗ್ಗೆ ಹೊಟ್ಟೆ ಭಾರ, ಮನಸ್ಸಿಗೆ ತಪ್ಪಿತಸ್ಥ ಭಾವ, ‘ಇವತ್ತು ತಿಂಡಿ ಬೇಡ’ ಎಂಬ ಶಪಥ. ಚಕ್ರ ಮತ್ತೆ ತಿರುಗುತ್ತದೆ. ಇದು ಇಚ್ಛಾಶಕ್ತಿಯ ಕೊರತೆ ಅಲ್ಲ. 1944–45ರಲ್ಲಿ ಇದೇ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ (ಕಾಕತಾಳೀಯವಷ್ಟೇ) ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಅವರ ಮನಸ್ಸಿನ ತುಂಬ ಊಟದ್ದೇ ಯೋಚನೆ ತುಂಬಿಕೊಂಡಿತು. ಮತ್ತೆ ಬೇಕಾದಷ್ಟು ಕೊಡತೊಡಗಿದಾಗ ಹಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ತೃಪ್ತಿಪಡಲಿಲ್ಲ. ತೂಕದ ಚಿಂತೆಯೇ ಇಲ್ಲದ ಗಟ್ಟಿ ಯುವಕರ ಪಾಡು ಅದು.

ಆ ಆ್ಯಪ್ ಬಗ್ಗೆ ಒಂದು ಮಾತು. ಅವುಗಳಲ್ಲಿ ಬಹುತೇಕ ದೊಡ್ಡವರ ಲೆಕ್ಕದಲ್ಲಿ ನಡೆಯುವಂಥವು. ತೂಕ ಇಳಿಸಬೇಕು ಎಂದು ಒತ್ತಿದ ಕೂಡಲೇ ದಿನಕ್ಕೆ 1,200 ಕ್ಯಾಲೊರಿಯಂಥ ಗುರಿ ಕೊಡುವುದುಂಟು. ಸಾಧಾರಣ ಓಡಾಟವಿರುವ 14ರ ಹುಡುಗಿಗೆ ಬೇಕಾದ್ದು 2,000ದ ಆಸುಪಾಸು. ಫೋನ್ ಕಿತ್ತುಕೊಂಡರೆ ಅವಳು ಮನಸ್ಸಿನಲ್ಲೇ ಎಣಿಸುತ್ತಾಳೆ. ಈ ಎರಡು ಅಂಕಿಗಳನ್ನು ಅವಳ ಮುಂದಿಟ್ಟು, ಆ್ಯಪ್ ಅವಳ ವಯಸ್ಸಿನವರಿಗಾಗಿ ಮಾಡಿದ್ದಲ್ಲ ಎಂದು ತಿಳಿಹೇಳಿ ತೆಗೆಸುವುದು ಮೇಲು.

ಈಗ ಮಾಡಬೇಕಾದ್ದು. ಮೊದಲ ಕೆಲಸ ಹಗಲಿನ ಊಟವನ್ನು ಸರಿಪಡಿಸುವುದು; ರಾತ್ರಿಯದಕ್ಕೆ ಕೈಹಾಕಬೇಡಿ. ಎದ್ದ ಒಂದು ಗಂಟೆಯೊಳಗೆ ತಿಂಡಿ, ಆಮೇಲೆ ಯಾವ ಎರಡು ಹೊತ್ತಿನ ನಡುವೆಯೂ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬಾರದಂತೆ ಮೂರು ಊಟ, ಎರಡು ಚಿಕ್ಕ ತಿನಿಸು. ಏಳಕ್ಕೆ ತಿಂಡಿ ಎಂದರೆ ಹತ್ತೂವರೆಗೆ ಶಾಲೆಯ ಬಿಡುವಿನಲ್ಲಿ ಏನಾದರೂ, ಒಂದಕ್ಕೆ ಊಟ, ನಾಲ್ಕೂವರೆಗೆ ಗಟ್ಟಿಯಾದ ತಿನಿಸು, ಎಂಟಕ್ಕೆ ಊಟ. ಸಂಜೆಯದನ್ನು ಕಡೆಗಣಿಸಬೇಡಿ, ರಾತ್ರಿ ಕದ್ದು ತಿನ್ನುವುದು ನಿಲ್ಲುವುದೋ ಇಲ್ಲವೋ ಎಂಬುದು ಬಹುಪಾಲು ಅದರ ಮೇಲೇ ನಿಂತಿದೆ. ಪ್ರತಿ ಊಟದಲ್ಲೂ ಬೇಳೆಕಾಳು, ಮೊಟ್ಟೆ, ಹಾಲು, ಮೊಸರಿನಂಥ ಪ್ರೋಟೀನ್ ಒಂದಿರಲಿ. ಬರಿ ಹಣ್ಣು ಅಥವಾ ಬರಿ ಸೊಪ್ಪು ತಿನಿಸಿ ‘ಆರೋಗ್ಯಕರ’ ಎಂದುಕೊಂಡರೆ ಎರಡು ಗಂಟೆಯಲ್ಲಿ ಮತ್ತೆ ಹಸಿವು.

ಬೆಳಗ್ಗೆ ಅವಳಿಗೆ ನಿಜಕ್ಕೂ ಹಸಿವಾಗದೇ ಇರಬಹುದು, ಕಾರಣ ರಾತ್ರಿ ತಿಂದದ್ದು. ಒಂದು ಲೋಟ ಹಾಲು, ಒಂದು ಬಾಳೆಹಣ್ಣಿನಿಂದ ಶುರುಮಾಡಿ. ವಾರ ಕಳೆದ ಮೇಲೆ ಹೆಚ್ಚಿಸಿ.

ಬಹಳ ಮನೆಗಳಲ್ಲಿ ಎಡವುವುದು ಇದರ ಮುಂದಿನ ಹಂತದಲ್ಲಿ. ಮೊದಲ ಎರಡು ಮೂರು ವಾರ ಹಗಲೂ ತಿನ್ನುತ್ತಾಳೆ, ರಾತ್ರಿಯೂ ತಿನ್ನುತ್ತಾಳೆ, ಏಕೆಂದರೆ ನಾಳೆಯೂ ಹೊಟ್ಟೆ ತುಂಬ ಸಿಗುತ್ತದೆ ಎಂಬ ನಂಬಿಕೆ ಇನ್ನೂ ಬಂದಿರುವುದಿಲ್ಲ. ತೂಕ ಒಂದು ಕೆಜಿ ಏರಬಹುದು. ಅದನ್ನು ನೋಡಿ ಹೆದರಿ ರಾತ್ರಿಯ ಊಟ ಕಡಿತ ಮಾಡಿದಿರೋ, ಮತ್ತೆ ಮೊದಲಿನ ಜಾಗಕ್ಕೆ ಬಂದಿರಿ.

ಪೊಟ್ಟಣಗಳ ವಿಷಯವನ್ನು ಒಮ್ಮೆ ಮಾತ್ರ ಎತ್ತಿ, ಇಬ್ಬರೇ ಇರುವಾಗ. ‘ಪೊಟ್ಟಣ ನೋಡ್ದೆ. ಬೈಯೋಕೆ ಹೇಳ್ತಿಲ್ಲ. ರಾತ್ರಿ ಅಷ್ಟು ಹಸಿವಾಗುತ್ತೆ ಅಂದ್ರೆ ಹಗಲು ನಿಂಗೆ ಸಾಲ್ತಿಲ್ಲ ಅಂತ. ಬಚ್ಚಿಟ್ಕೊಂಡು ತಿನ್ನೋದು ಬೇಡ, ಅಡುಗೆಮನೇಲಿ ಕೂತು ತಿನ್ನು’ ಇಷ್ಟು ಸಾಕು. ಬೀರು ತಪಾಸಣೆ ನಿಲ್ಲಿಸಿ. ಡಬ್ಬಿಗೆ ಬೀಗ ಹಾಕುವುದಂತೂ ಬೇಡವೇ ಬೇಡ. ಜೆನ್ನಿಫರ್ ಫಿಶರ್, ಲೀನ್ ಬರ್ಚ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಣ್ಣೆದುರಿಗಿದ್ದೂ ಮುಟ್ಟಬಾರದೆಂದು ತಡೆದ ತಿನಿಸಿನ ಮೇಲೇ ಮಕ್ಕಳ ಆಸೆ ಏರಿತ್ತು. ಅವರು ಶಾಲೆಗಿನ್ನೂ ಸೇರದ ಪುಟ್ಟ ಮಕ್ಕಳು ನಿಜ, ಆದರೆ ಕೈಯಲ್ಲಿ ದುಡ್ಡಿರುವ 14ರ ಹುಡುಗಿಗೆ ಬೀಗ ಅದಕ್ಕಿಂತಲೂ ನಿರುಪಯುಕ್ತ. ಬಿಸ್ಕತ್ತು ಮನೆಗೆ ಕಡಿಮೆ ತರಬೇಕೆಂದಿದ್ದರೆ ಮನೆಮಂದಿಗೆಲ್ಲ ಕಡಿಮೆ ತನ್ನಿ. ಅವಳೊಬ್ಬಳಿಗೆ ಬೇರೆ ತಟ್ಟೆ, ಬೇರೆ ನಿಯಮ ಮಾಡಬೇಡಿ. ಎಲೆನ್ ಸ್ಯಾಟರ್ ಎಂಬ ಆಹಾರತಜ್ಞೆ ಹೇಳಿಕೊಟ್ಟ ಹಂಚಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಏನು, ಯಾವಾಗ, ಎಲ್ಲಿ ಎಂಬುದು ಹೆತ್ತವರ ಪಾಲು, ಎಷ್ಟು ಎಂಬುದು ಮಗುವಿನ ಪಾಲು. ಹದಿಹರೆಯದಲ್ಲಿ ಮೊದಲನೆಯದರಲ್ಲೂ ಸ್ವಲ್ಪ ಅವಳಿಗೆ ಬಿಟ್ಟುಕೊಡಬೇಕು.

ಮಾತಾಡುವುದೋ ಬಿಡುವುದೋ ಎಂದು ಕೇಳಿದ್ದೀರಿ. ಪ್ರಾಜೆಕ್ಟ್ ಈಟ್‌ಗೆ ಆಮೇಲೆ ಹೊಸದಾಗಿ ಸೇರಿಸಿಕೊಂಡ ಎರಡನೇ ಗುಂಪಿನ ಮಾಹಿತಿಯಲ್ಲಿ, 2,348 ಹದಿಹರೆಯದವರನ್ನೂ ಅವರ 3,528 ಪೋಷಕರನ್ನೂ ಕೇಳಿ ಜೆರಿಕಾ ಬರ್ಜ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ್ದು ಇದು: ಹೆತ್ತವರ ಮಾತು ತೂಕ, ಗಾತ್ರದ ಸುತ್ತ ಇದ್ದ ಮನೆಗಳಲ್ಲಿ ಮಕ್ಕಳ ಡಯಟ್, ಊಟ ಬಿಡುವುದು, ಇತರ ಅಪಾಯಕಾರಿ ಕ್ರಮಗಳು ಹೆಚ್ಚು. ತೂಕ ಎತ್ತದೆ ಒಳ್ಳೆಯ ಊಟದ ಬಗ್ಗೆ ಮಾತ್ರ ತಾಯಂದಿರು ಮಾತಾಡಿದ್ದಲ್ಲಿ, ಅಧಿಕ ತೂಕದ ಮಕ್ಕಳಲ್ಲಿ ಅವು ಕಡಿಮೆ. ಅಂದರೆ ಮೌನವೇ ಉತ್ತರವಲ್ಲ, ವಿಷಯ ಬದಲಾಗಬೇಕು. ‘ಎಷ್ಟು ತಿಂದೆ’ ಎಂಬುದರ ಬದಲು ‘ಮಧ್ಯಾಹ್ನ ಊಟಕ್ಕೆ ಎಷ್ಟು ಹೊತ್ತು ಸಿಗುತ್ತೆ, ಜೊತೆಗ್ಯಾರು ಕೂರ್ತಾರೆ?’ ಎಂದು ಕೇಳಿ ನೋಡಿ. ಡಬ್ಬಿ ಅರ್ಧ ಉಳಿಯುವುದಕ್ಕೆ ಕಾರಣ ಅಲ್ಲೇ ಸಿಕ್ಕರೂ ಸಿಗಬಹುದು.

‘ಅಮ್ಮ, ನಾನು ದಪ್ಪ ಇದ್ದೀನಾ?’ ಎಂದು ಅವಳೇ ಕೇಳಿದರೆ, ‘ಇಲ್ಲಪ್ಪ, ಚೆನ್ನಾಗೇ ಇದ್ದೀಯ’ ಎಂದು ತೇಲಿಸಬೇಡಿ. ಕನ್ನಡಿ ಅವಳ ಹತ್ತಿರವೂ ಇದೆ, ನಿಮ್ಮ ಮಾತನ್ನು ನಂಬುವುದಿಲ್ಲ. ‘ಯಾಕೆ ಹಾಗನ್ನಿಸ್ತು, ಯಾರಾದ್ರೂ ಏನಾದ್ರೂ ಅಂದ್ರಾ?’ ಎಂದು ಕೇಳಿ, ಪೂರ್ತಿ ಹೇಳಲು ಬಿಡಿ. ಆಮೇಲೆ ಬೇಕಿದ್ದರೆ ಮೇಲಿನ 8 ಕೆಜಿ–3 ಕೆಜಿ ಲೆಕ್ಕವನ್ನೇ ತೋರಿಸಿ. ಇನ್ನೊಂದು, ನೀವು ನಿಮ್ಮ ಹೊಟ್ಟೆ, ಸೊಂಟದ ಬಗ್ಗೆ ಗೊಣಗುವುದೂ ಅವಳ ಕಿವಿಗೆ ಬೀಳುತ್ತದೆ.

ಅಣ್ಣನ ರೇಗಿಸುವಿಕೆ ಇವತ್ತೇ ನಿಲ್ಲಬೇಕು. ಮೈಬಗ್ಗೆ ಗೇಲಿಗೆ ಒಳಗಾದ ಹದಿಹರೆಯದವರನ್ನು ಹದಿನೈದು ವರ್ಷದ ನಂತರ ನೋಡಿದಾಗಲೂ ಗುರುತು ಉಳಿದಿತ್ತು. ಮನೆಯವರಿಂದಲೇ ಗೇಲಿಗೊಳಗಾದ ಹುಡುಗಿಯರಲ್ಲಿ ಬೊಜ್ಜು, ಬೇಸರ ಕಳೆಯಲು ತಿನ್ನುವುದು, ತಮ್ಮ ಮೈ ತಮಗೇ ಹಿಡಿಸದಿರುವುದು ಹೆಚ್ಚು ಎಂದು ಪ್ರಾಜೆಕ್ಟ್ ಈಟ್‌ನ 2017ರ ವರದಿ ಹೇಳುತ್ತದೆ. ‘ಈ ಮನೇಲಿ ಯಾರ ಮೈಬಗ್ಗೆಯೂ ಮಾತಿಲ್ಲ’ ಎಂಬುದು ಎಲ್ಲರಿಗೂ ಅನ್ವಯಿಸುವ ನಿಯಮವಾಗಲಿ, ಬಂದ ನೆಂಟರನ್ನೂ ಸೇರಿಸಿ. ಹಾಗೇ ಮಗನ ಕಡೆಯೂ ಒಂದು ಕಣ್ಣಿಡಿ. ಅದೇ ತಂಡ 2010ರಲ್ಲಿ 20 ಶಾಲೆಗಳಲ್ಲಿ ವಿಚಾರಿಸಿದಾಗ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಹುಡುಗರು ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ಬಳಸುತ್ತಿದ್ದರು. ತಂಗಿಯ ಮೈ ನೋಡಿ ನಗುವವನಿಗೆ ತನ್ನ ಮೈಯ ಚಿಂತೆ ಇಲ್ಲ ಎಂದು ಹೇಳಲಾಗದು.

ಒಟ್ಟಿಗೆ ಕೂತು ಉಣ್ಣುವುದರ ಬಗ್ಗೆ: ಪ್ರಾಜೆಕ್ಟ್ ಈಟ್‌ನಲ್ಲಿ ವಾರಕ್ಕೆ ಐದು ಅಥವಾ ಹೆಚ್ಚು ಸಲ ಮನೆಯವರೊಂದಿಗೆ ಉಂಡ ಹುಡುಗಿಯರಲ್ಲಿ ಐದು ವರ್ಷದ ನಂತರ ವಾಂತಿ, ಮಾತ್ರೆಯಂಥ ಅತಿರೇಕಗಳು ಕಡಿಮೆ ಇದ್ದವು (2008). ಹುಡುಗರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಇಪ್ಪತ್ತು ನಿಮಿಷ, ಫೋನ್ ದೂರ, ಎಲ್ಲರಿಗೂ ಒಂದೇ ಅಡುಗೆ. ಅಂಕಪಟ್ಟಿ, ತೂಕ, ಜಗಳ ಬೇರೆ ಹೊತ್ತಿಗಿರಲಿ. ಊಟದ ಹೊತ್ತು ವಿಚಾರಣೆಯ ಹೊತ್ತಾದರೆ ಅವಳು ಕೋಣೆಗೇ ತಟ್ಟೆ ಒಯ್ಯುತ್ತಾಳೆ.

ಈ ವಯಸ್ಸಿಗೆ ನಿದ್ದೆ 8ರಿಂದ 10 ಗಂಟೆ ಬೇಕು. ತಡರಾತ್ರಿಯವರೆಗೆ ಎಚ್ಚರವಿದ್ದರೆ ತಿನ್ನುವ ಅವಕಾಶವೂ ಹೆಚ್ಚು. ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಯಾವ ಆಟವಾದರೂ ಸರಿ. ‘ತಿಂದದ್ದು ಕರಗಿಸು’ ಎಂದು ಓಡಿಸಿದರೆ ಕೆಲಸ ಕೆಡುತ್ತದೆ. ತಮ್ಮ ಮೈ ತಮಗೆ ಹಿಡಿಸದ ಹುಡುಗಿಯರು ಮುಂದಿನ ವರ್ಷಗಳಲ್ಲಿ ಆಟ, ವ್ಯಾಯಾಮ ಕಡಿಮೆ ಮಾಡುತ್ತಾರೆಯೇ ಹೊರತು ಹೆಚ್ಚಿಸುವುದಿಲ್ಲ ಎಂಬುದೂ ಇದೇ ಅಧ್ಯಯನದಿಂದ ಕಂಡದ್ದು. ‘ನಾಚಿಕೆಯಾದರೆ ತಾನೇ ಸರಿಹೋಗ್ತಾಳೆ’ ಎನ್ನುವವರಿಗೆ ಇದನ್ನು ಹೇಳಿ.

ತೂಕದ ಯಂತ್ರ ಮನೆಯಲ್ಲಿದ್ದರೆ ಅಟ್ಟಕ್ಕೆ ಹಾಕಿ. ಪದೇ ಪದೇ ತೂಕ ನೋಡಿಕೊಳ್ಳುತ್ತಿದ್ದ ಹುಡುಗಿಯರಲ್ಲಿ ಐದು ವರ್ಷದ ನಂತರ ಹಿಡಿತ ತಪ್ಪಿ ತಿನ್ನುವುದು ಹೆಚ್ಚಿತ್ತು, ತೂಕದಲ್ಲಿ ಲಾಭವೇನೂ ಇರಲಿಲ್ಲ. ಮೂರರಿಂದ ಆರು ತಿಂಗಳಿಗೊಮ್ಮೆ ಕ್ಲಿನಿಕ್‌ನಲ್ಲಿ ನೋಡಿದರೆ ಸಾಕು. ನೀವು ಗಮನಿಸಬೇಕಾದ್ದು ಬೇರೆ: ವಾರದಲ್ಲಿ ಎಷ್ಟು ದಿನ ತಿಂಡಿ ತಿಂದಳು, ಡಬ್ಬಿ ಎಷ್ಟು ಖಾಲಿಯಾಯಿತು, ರಾತ್ರಿಯ ತಿನ್ನಾಟ ಕಡಿಮೆಯಾಯಿತೇ. ಇನ್ನೂ ಎತ್ತರ ಬೆಳೆಯುವವಳು, ತೂಕ ಇಳಿಯದೆ ನಿಂತಲ್ಲೇ ನಿಂತರೂ ಬಿಎಂಐ ತಾನಾಗಿ ಕೆಳಗೆ ಬರುತ್ತದೆ.

ಇಷ್ಟು ಹೇಳಿದ್ದರಿಂದ ವೈದ್ಯಕೀಯ ಚಿಕಿತ್ಸೆಯೇ ತಪ್ಪು ಎಂದು ತಿಳಿಯಬೇಡಿ. ಬೊಜ್ಜಿನ ವಲಯದಲ್ಲಿರುವ ಮಕ್ಕಳಿಗೆ ತಜ್ಞರ ತಂಡ ಕುಟುಂಬವನ್ನೂ ಕೂರಿಸಿಕೊಂಡು ನಡೆಸುವ ಚಿಕಿತ್ಸೆ ಬೇರೆಯೇ ವಸ್ತು. ಅದರಿಂದ ಹಿಡಿತ ತಪ್ಪಿ ತಿನ್ನುವುದು ಕಡಿಮೆಯಾಗುತ್ತದೆ ಎಂದೇ ಅಧ್ಯಯನಗಳ ಪರಾಮರ್ಶೆ ತೋರಿಸಿದೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2023ರಲ್ಲಿ ಅದಕ್ಕೆ ಮೂರರಿಂದ ಹನ್ನೆರಡು ತಿಂಗಳಲ್ಲಿ ಕನಿಷ್ಠ 26 ಗಂಟೆಗಳ ಮುಖಾಮುಖಿ ಕೆಲಸವನ್ನು ಸೂಚಿಸಿದೆ. ಹತ್ತು ನಿಮಿಷದಲ್ಲಿ ಬರೆದುಕೊಟ್ಟ ಚಾರ್ಟ್ ಅದಕ್ಕೆ ಸಾಟಿಯಲ್ಲ.

ಮಕ್ಕಳ ವೈದ್ಯರನ್ನು ಒಮ್ಮೆ ಕಾಣಲೇಬೇಕು, ಇದನ್ನು ಮುಂದೂಡಬೇಡಿ. ಕತ್ತಿನ ಹಿಂದೆ ಚರ್ಮ ದಪ್ಪಗಾಗಿ ಕಪ್ಪಾಗಿದ್ದರೆ, ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಮುಟ್ಟು ಏರುಪೇರಾಗಿದ್ದರೆ, ಮನೆಯಲ್ಲಿ ಮಧುಮೇಹ ಇದ್ದರೆ ತಿಳಿಸಿ, ರಕ್ತಪರೀಕ್ಷೆ ಬೇಕಾಗುತ್ತದೆ. ತಿಂಗಳುಗಟ್ಟಲೆ ಕಾಯದೆ ಅದೇ ವಾರ ಹೋಗಬೇಕಾದ ಲಕ್ಷಣಗಳೂ ಇವೆ: ಮೂರು ತಿಂಗಳು ಮುಟ್ಟು ನಿಂತಿರುವುದು, ತೂಕ ಸರ್ರನೆ ಇಳಿಯುವುದು, ಊಟವಾದ ಕೂಡಲೇ ಬಚ್ಚಲಿಗೆ ಹೋಗುವುದು, ಬೆರಳ ಗೆಣ್ಣಿನ ಮೇಲೆ ಹಲ್ಲು ತಾಗಿದ ಗಾಯ, ಭೇದಿಮಾತ್ರೆ. ತಲೆಸುತ್ತಿ ಬಿದ್ದರೆ, ಎಚ್ಚರವಿರುವಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ ಅಥವಾ ಸಾಯುವ ಮಾತು ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮೈ ದಪ್ಪಗಿದೆ ಎಂಬ ಕಾರಣಕ್ಕೆ ಇವನ್ನು ತಳ್ಳಿಹಾಕಬೇಡಿ. ನೋಡಲು ತೂಕವಿದ್ದೂ ಹಸಿದು ಹಸಿದು ಹೃದಯಕ್ಕೆ ಅಪಾಯ ತಂದುಕೊಂಡವರಿದ್ದಾರೆ.

ವೈದ್ಯರ ಬಳಿ ಹೋಗುವ ಮೊದಲು ಫೋನ್‌ನಲ್ಲೇ ಎರಡು ವಿನಂತಿ ಮಾಡಿಕೊಳ್ಳಿ: ಅವಳನ್ನು ಯಂತ್ರದ ಕಡೆ ಬೆನ್ನು ಮಾಡಿಸಿ ತೂಗಲಿ, ಅಂಕಿಯನ್ನು ಗಟ್ಟಿಯಾಗಿ ಹೇಳದೆ ಬರೆದುಕೊಳ್ಳಲಿ, ಮತ್ತು ಹತ್ತು ನಿಮಿಷ ಅವಳೊಬ್ಬಳೊಂದಿಗೇ ಮಾತಾಡಲಿ, ನೀವು ಹೊರಗೆ ಕೂತಿರಿ.